ಕಾಗದದ ಬಾಗಿಲು ಹರಿಯಲ್ವಾ?

ಪ್ರಶ್ನೆ: ಜಪಾನಿನ ಮನೆಗಳಲ್ಲಿ ಬಾಗಿಲಿಗೇ ಕಾಗದ ಅಂಟಿಸ್ತಾರಂತೆ, ಆ ಕಾಗದವನ್ನು ಅಕ್ಕಿಯಿಂದ ಮಾಡ್ತಾರಂತೆ. ನೀವು ಅಲ್ಲಿ ಇದ್ದು ಬಂದವರು. ಇದು ನಿಜವಾ? ಹರಿಯಲ್ವಾ?

ಉತ್ತರ: ಹರಿಯುತ್ತದೆ. ನಾನೇ ಹರಿದಿದ್ದೇನೆ. ಗಿಫುವಿನ ಬಾಡಿಗೆ ಮನೆಗೆ ಹೋದ ಎರಡನೇ ವಾರ ಹಾಸಿಗೆ ಮಡಚುವಾಗ ಮೊಣಕೈ ತಗುಲಿ ಶೋಜಿಗೆ ತೂತು ಬಿತ್ತು. ಶೋಜಿ ಎಂದರೆ ತೆಳು ಮರದ ಪಟ್ಟಿಗಳ ಚೌಕಟ್ಟಿಗೆ ಕಾಗದ ಅಂಟಿಸಿದ ಜಾರುಬಾಗಿಲು. ಹೆದರುತ್ತಲೇ ಮನೆಯೊಡತಿಗೆ ಹೇಳಿದೆ. ಅವರು ಬೈಯಲಿಲ್ಲ. ಕಾಗದದ ಚೂರೊಂದನ್ನು ಚೆರ್ರಿ ಹೂವಿನ ಆಕಾರಕ್ಕೆ ಕತ್ತರಿಸಿ ತೂತಿನ ಮೇಲೆ ಅಂಟಿಸಿ ಹೋದರು.

ಡಿಸೆಂಬರ್ ಕೊನೆಗೆ ಪೂರ್ತಿ ಕಾಗದ ಬದಲಿಸಲು ನನ್ನನ್ನೇ ಕರೆದರು. ಹೊಸ ವರ್ಷಕ್ಕೆ ಮನೆ ಶುಚಿ ಮಾಡುವಾಗ ಇದೂ ಒಂದು ಕೆಲಸ. ಪಟ್ಟಿಗಳ ಮೇಲೆ ಒದ್ದೆ ಬಟ್ಟೆ ಒತ್ತಿ ಹಳೇ ಅಂಟು ನೆನೆಸಬೇಕು. ನಾನು ಅವಸರ ಮಾಡಿದೆ, ಕಾಗದ ಚೂರುಚೂರಾಗಿ ಬಂತು. ಆಮೇಲೆ ಮರ ಒಣಗಿಸಿ, ಅಂಟು ಹಚ್ಚಿ, ಹೊಸ ಕಾಗದ ಹಾಸಿದೆವು. ಎಲ್ಲಾ ಸುಕ್ಕು! ಕೆಟ್ಟೇಹೋಯಿತು ಅಂದುಕೊಂಡೆ. ಅಂಟು ಒಣಗಿದ ಮೇಲೆ ಅವರು ಸುಮ್ನೆ ಒಂದಿಷ್ಟು ನೀರು ಸ್ಪ್ರೇ ಮಾಡಿದರು. ಒಣಗುತ್ತಾ ಒಣಗುತ್ತಾ ಕಾಗದ ತಾನೇ ಬಿಗಿಯಾಯಿತು. ಬೆರಳಲ್ಲಿ ತಟ್ಟಿದರೆ ಡಬ್ ಅನ್ನುವಷ್ಟು.

ಅಕ್ಕಿಯ ಮಾತು ಮಾತ್ರ ಸುಳ್ಳು. ಅಂಟಿನಲ್ಲಿ ಅಕ್ಕಿ ಗಂಜಿ ಇರಬಹುದು, ಕಾಗದದಲ್ಲಿ ಇಲ್ಲ. ವಾಶಿ ಎನ್ನುವ ಈ ಕಾಗದ ಹೆಚ್ಚಾಗಿ ಕೋಜೊ ಗಿಡದ ಒಳತೊಗಟೆಯದು. ಕೋಜೊ ಹಿಪ್ಪುನೇರಳೆಯ ಸಂಬಂಧಿ. ನಾರು ಉದ್ದ, ಹತ್ತಿರ ಹತ್ತಿರ 1 ಸೆಂಟಿಮೀಟರ್. ಗಟ್ಟಿತನ ಅದರಿಂದಲೇ. ಗಿಫುವಿಗೆ ಹತ್ತಿರದ ಮಿನೊದಲ್ಲಿ ಮಾಡುವುದನ್ನು ನೋಡಿದೆ. ಬೇಯಿಸಿದ ತೊಗಟೆಯನ್ನು ತಣ್ಣೀರಿನಲ್ಲಿ ಹಿಡಿದು ಒಂದೊಂದೇ ಕಸ ಹೆಕ್ಕುತ್ತಾರೆ. ಆಮೇಲೆ ಜಜ್ಜಿದ ನಾರನ್ನು ನೀರಿಗೆ ಹಾಕಿ, ತೊರೊರೊ-ಆಓಯ್ ಗಿಡದ ಬೇರಿನ ಲೋಳೆ ಬೆರೆಸುತ್ತಾರೆ. ಅದು ಬೆಂಡೆಯ ದಾಯಾದಿ, ಲೋಳೆಯಲ್ಲೇ ಗೊತ್ತಾಗುತ್ತದೆ! ಸೆಕೆ ಬಂದರೆ ಲೋಳೆ ನೀರಾಗಿಬಿಡುತ್ತದೆ. ಅದಕ್ಕೇ ಈ ಕೆಲಸಕ್ಕೆ ಚಳಿಗಾಲವೇ ವಾಸಿ. ನನಗೆ ಬೆರಗಾಗಿದ್ದು ಇನ್ನೊಂದು. ಹಸಿ ಹಾಳೆಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸುತ್ತಾರೆ, ಮಧ್ಯೆ ಬಟ್ಟೆಯೂ ಇಲ್ಲ. ನೀರು ಹಿಂಡಿದ ಮೇಲೆ ಒಂದೊಂದಾಗಿ ಬಿಡಿಸಿದರೆ ಬಿಟ್ಟುಕೊಳ್ಳುತ್ತವೆ.

ಪ್ರಶ್ನೆ: ಈಗಲೂ ದಿನಬಳಕೆಯಲ್ಲಿ ಇದೆಯಾ?

ಉತ್ತರ: ಕೈಯಲ್ಲಿ ಮಾಡಿದ್ದು ಕಡಿಮೆ. ನಾವು ಅಂಟಿಸಿದ್ದೂ ಅಂಗಡಿಯ ಯಂತ್ರದ ಸುರುಳಿಯೇ, ಸುಳ್ಳೇಕೆ ಹೇಳಲಿ. ಮಿನೊದ ಹೊನ್‌ಮಿನೊಶಿ ಎಂಬ ಕೈಕಾಗದದ ಕಸುಬು 2014ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿತು, ಆದರೆ ಅದನ್ನು ದಿನಾ ಮುಟ್ಟುವವರು ಎಷ್ಟು ಜನ? ಎಣ್ಣೆ ಹಚ್ಚಿದ ಕಾಗದದ ಕೊಡೆ, ಲಾಟೀನು ಗಿಫುವಿನಲ್ಲಿ ಇನ್ನೂ ಮಾಡುತ್ತಾರೆ. ಚಹಾ ಕೂಟದಲ್ಲಿ ಸಿಹಿ ಇಟ್ಟುಕೊಳ್ಳಲು ಕಿಮೊನೊದ ಎದೆ ಮಡಿಕೆಯಿಂದ ಕೈಶಿ ಹಾಳೆ ತೆಗೆಯುತ್ತಾರೆ. ಯೆನ್ ನೋಟಿನಲ್ಲಂತೂ ಮಿತ್ಸುಮಾತ ಎಂಬ ಇನ್ನೊಂದು ಗಿಡದ ನಾರು ಇರುತ್ತದೆ. ಹಾಗೆ ನೋಡಿದರೆ ಎಲ್ಲರ ಜೇಬಿನಲ್ಲೂ ಇದೆ ಅಲ್ವಾ?

ಪ್ರಶ್ನೆ: ಗೆಳತಿ ಜಪಾನಿನಿಂದ ವಾಶಿ ತಂದುಕೊಟ್ಟಳು. ಪೆನ್ನಿನಲ್ಲಿ ಬರೆಯಬಹುದಾ?

ಉತ್ತರ: ಮೊದಲು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ನೋಡಿ. ಪಟಿಕ ಮತ್ತು ಅಂಟಿನ ಲೇಪ ಇಲ್ಲದ ಹಾಳೆ ಶಾಯಿ ಕುಡಿದುಬಿಡುತ್ತದೆ. ನಾನು ಅಮ್ಮನಿಗೆ ಬರೆದ ಪತ್ರ ಜೇಡರ ಬಲೆ ಆಗಿತ್ತು. ಪೆನ್ಸಿಲ್ ಆದರೆ ಚಿಂತೆಯಿಲ್ಲ.