ಮಗುವಿನ ಜೊಲ್ಲಿನಲ್ಲಿ ಸಿಎಂವಿ ಪಾಸಿಟಿವ್ ಬಂದರೆ

ಸಿಎಂವಿ ಅಂದರೆ ಸೈಟೊಮೆಗಾಲೊ ವೈರಸ್, ಮಗುವಿಗೆ ಹೊಟ್ಟೆಯಲ್ಲೇ ತಗುಲಿದರೆ ಕಿವಿ, ಮಿದುಳಿಗೆ ತೊಂದರೆ ಕೊಡಬಲ್ಲದು. ಆದರೆ ಜೊಲ್ಲಿನಲ್ಲಿ ಬಂದಿರುವ ಈ ಪಾಸಿಟಿವ್ ನಿಮ್ಮ ಎದೆಹಾಲಿನಿಂದಲೇ ಬಂದಿರಬಹುದು. 32 ವಾರಕ್ಕೆ ಹುಟ್ಟಿದ ಮಗು, ಶಿವಮೊಗ್ಗದ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ, ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗೆ ಸವರಿದ ಸ್ವಲ್ಪ ಹೊತ್ತಿಗೇ ಜೊಲ್ಲು ತೆಗೆದರು ಅಂತ ಬರೆದಿದ್ದೀರಿ. ಅಲ್ಲೇ ಇದೆ ಸಮಸ್ಯೆ. ನಮ್ಮಲ್ಲಿ ಬಹಳಷ್ಟು ತಾಯಂದಿರ ಮೈಯಲ್ಲಿ ಹಳೆಯ ಸಿಎಂವಿ ಇರುತ್ತದೆ, ಅದು ಹಾಲಿಗೂ ಬರುತ್ತದೆ. ಹಾಲು ಕೊಟ್ಟು ಒಂದು ಗಂಟೆಯಾದರೂ ಆದ ಮೇಲೆ ಜೊಲ್ಲು ತೆಗೆಯಬೇಕಿತ್ತು.

ಈಗ ಮೊದಲು ಮೂತ್ರದ ಸಿಎಂವಿ ಪಿಸಿಆರ್ (ಮೂತ್ರದಲ್ಲಿ ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಲು ಕೇಳಿ. ಹುಟ್ಟಿ 21 ದಿನದ ಒಳಗೇ ಆಗಬೇಕು. ಡ್ಯೂ ಡೇಟ್‌ನಿಂದ ಅಲ್ಲ, ಹುಟ್ಟಿದ ದಿನದಿಂದ ಎಣಿಸಿ. 21 ದಿನ ದಾಟಿದ ಮೇಲೆ ಮಾಡಿಸಿ ಪಾಸಿಟಿವ್ ಬಂದರೆ ಹೊಟ್ಟೆಯಲ್ಲೇ ತಗುಲಿದ್ದೋ ಹಾಲಿನಿಂದ ಬಂದದ್ದೋ ಗೊತ್ತಾಗುವುದಿಲ್ಲ. ಮೂತ್ರಕ್ಕೆ ಅಂಟಿಸುವ ಪುಟ್ಟ ಚೀಲ ಹಾಕುತ್ತಾರೆ. ಚರ್ಮದ ಮೇಲೆ ಚೂರು ಎಣ್ಣೆ ಇದ್ದರೂ ಅದು ಬಿಟ್ಟುಕೊಳ್ಳುತ್ತದೆ, ಮೂತ್ರವೆಲ್ಲ ಬಟ್ಟೆಗೆ. ಅಜ್ಜಿಯರಿಗೆ ಮೊದಲೇ ಹೇಳಿಡಿ, ಆವತ್ತು ಎಣ್ಣೆ ಬೇಡ.

ನಮ್ಮ ಮಗುವಿಗೂ ಹೀಗೇ ಆಗಿತ್ತು, ಮೂತ್ರದಲ್ಲಿ ನೆಗೆಟಿವ್ ಬಂತು. ನಿಮಗೂ ಹಾಗೇ ಆಗುತ್ತೆ ಅಂತ ಇಲ್ಲಿ ಕೂತು ಹೇಳೋಕೆ ಆಗಲ್ಲ. ಮೂತ್ರದಲ್ಲೂ ಪಾಸಿಟಿವ್ ಬಂದರೆ ಕಿವಿಯ ಬೆರಾ ಪರೀಕ್ಷೆ (ಮಗುವಿಗೆ ಕೇಳಿಸುತ್ತದೆಯೇ ಎಂದು ನೋಡುವುದು), ತಲೆಯ ಸ್ಕ್ಯಾನ್, ಔಷಧಿ ಬೇಕಾ ಅನ್ನೋದನ್ನ ಡಾಕ್ಟರ್ ಹತ್ತಿರ ಕೇಳಿ.

ಭಯಪಟ್ಟು ಹಾಲು ಮಾತ್ರ ನಿಲ್ಲಿಸಬೇಡಿ. ತೀರಾ ಚಿಕ್ಕ ಮಗುವಾದರೆ ಹಾಲಿನ ಬಗ್ಗೆ ಬೇರೆ ಯೋಚನೆ ಇರಬಹುದು, ಅದನ್ನು ಡಾಕ್ಟರೇ ಹೇಳಲಿ. ನಾಳೆ ರೌಂಡ್ಸ್‌ಗೆ ಡಾಕ್ಟರ್ ಬಂದಾಗ ಹುಟ್ಟಿದ ತಾರೀಖು, ಜೊಲ್ಲು ತೆಗೆದ ಸಮಯ, ಅದಕ್ಕೆ ಮುಂಚೆ ಹಾಲು ಸವರಿದ ಸಮಯ, ಮೂರನ್ನೂ ಚೀಟಿಯಲ್ಲಿ ಬರೆದು ತೋರಿಸಿ.