ಮಿನುಗನ್ನು ತೆಗೆಯಬೇಡಿ, ಬಣ್ಣ ಇರುವುದು ಅದರಲ್ಲೇ

ಮಗನಿಗೆ ಕಪ್ಪು ವೆಲ್ವೆಟ್ ಉಡುಪು, ಬಿಳಿ ಲೇಸಿನ ಕೊರಳಪಟ್ಟಿ ತೊಡಿಸಿ, 1914ರ ‘ಲಿಟಲ್ ಲಾರ್ಡ್ ಫಾಂಟ್ಲರಾಯ್’ ಮೂಕಿಚಿತ್ರದಲ್ಲಿ ಬಳಸಿದ ಕೈನೆಮಾಕಲರ್ ಪದ್ಧತಿಯಲ್ಲೇ ನೀವು ತಿರುಗುವ ಫಿಲ್ಟರ್ ಚಕ್ರ ಇಟ್ಟು ಚಿತ್ರಿಸಿದ ತುಣುಕನ್ನು ನೋಡಿದೆ. ಕಪ್ಪುಬಿಳುಪಿನಲ್ಲೇ ಒಂದು ಫ್ರೇಮನ್ನು ಕೆಂಪು, ಮುಂದಿನದನ್ನು ಹಸಿರು ಫಿಲ್ಟರಿನ ಮೂಲಕ ಚಿತ್ರಿಸಿ, ಅಂಥದೇ ಫಿಲ್ಟರುಗಳ ಮೂಲಕ ತೋರಿಸಿ ಬಣ್ಣ ಮೂಡಿಸುವ ಪದ್ಧತಿ ಅದು. ಚಕ್ರದ ಕೆಲಸ ಅಚ್ಚುಕಟ್ಟಾಗಿದೆ. ಆದರೆ ಫ್ರೇಮಿನಿಂದ ಫ್ರೇಮಿಗೆ ಬೆಳಕು ಏರಿಳಿಯುತ್ತಿತ್ತೆಂದು ಡಿಫ್ಲಿಕರ್ (ಮಿನುಗು ತೆಗೆಯುವ ತಂತ್ರಾಂಶ) ಹಾಕಿದಿರಿ, ಆಮೇಲೆ ಬಣ್ಣ ಮಂಕಾಯಿತು, ಎರಡೇ ಬಣ್ಣದ ಪದ್ಧತಿಯ ಮಿತಿ ಇಷ್ಟೇ ಇರಬೇಕು ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಸುಮ್ಮನಿರಲಾಗಲಿಲ್ಲ. ಮಿತಿ ಪದ್ಧತಿಯದ್ದಲ್ಲ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ದಯವಿಟ್ಟು ಇವತ್ತೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಟ್ಟು, ಆಮೇಲೆ ಮುಂದಿನದನ್ನು ಓದಿ.

ಇದೇ ತಪ್ಪನ್ನು ನಾನು ಆರು ವರ್ಷದ ಹಿಂದೆ ಮಾಡಿದ್ದೆ. ತಂಗಿಯ ಮಗನನ್ನು ಹಿತ್ತಲಿನ ದಾಸವಾಳದ ಗಿಡದ ಪಕ್ಕ ನಿಲ್ಲಿಸಿ ಮೂರು ಸಂಜೆ ಚಿತ್ರಿಸಿದ್ದೆ. ಕಚ್ಚಾ ಕಪ್ಪುಬಿಳುಪು ಫೈಲನ್ನು ಓಡಿಸಿದಾಗ ಕಣ್ಣು ಕುಕ್ಕುವಷ್ಟು ಮಿನುಗುತ್ತಿತ್ತು. ದುಡ್ಡು ಕೊಟ್ಟು ತಂದಿದ್ದ ಒಂದು ತಂತ್ರಾಂಶದಲ್ಲಿ ಮಿನುಗು ನಿವಾರಣೆಯನ್ನು ಪೂರ್ತಿ ಏರಿಸಿ, ನಯವಾಗಿ ಬಂದ ಪ್ರತಿಯನ್ನು ಉಳಿಸಿಕೊಂಡು, ಕಾರ್ಡಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿಬಿಟ್ಟೆ. ಹೂವೂ ಎಲೆಯೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಬಿದ್ದದ್ದು ಮಾರನೆಯ ದಿನ. ಕೆಂಪು ಫಿಲ್ಟರಿನ ಫ್ರೇಮಿನಲ್ಲಿ ದಾಸವಾಳ ಬೆಳ್ಳಗೆ ಹೊಳೆಯಬೇಕು, ಎಲೆ ಕಪ್ಪಾಗಬೇಕು. ಮುಂದಿನ ಹಸಿರು ಫ್ರೇಮಿನಲ್ಲಿ ಎಲೆ ತಿಳಿಯಾಗಿ, ಹೂವಿದ್ದ ಜಾಗ ತೂತು ಬಿದ್ದಂತೆ ಕಪ್ಪಾಗಬೇಕು. ಆ ವ್ಯತ್ಯಾಸವೇ ಬಣ್ಣದ ಏಕೈಕ ದಾಖಲೆ. ಅದನ್ನು ತಂತ್ರಾಂಶ ದೋಷವೆಂದು ಎಣಿಸಿ ಅಕ್ಕಪಕ್ಕದ ಫ್ರೇಮುಗಳನ್ನು ಬೆರೆಸಿ ಅರೆದುಹಾಕಿತ್ತು. ಆ ಹುಡುಗನಿಗೆ ಈಗ ಮೀಸೆ ಚಿಗುರುತ್ತಿದೆ. ಆ ವಯಸ್ಸಿನ ಮುಖ ಬಣ್ಣದಲ್ಲಿ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ನಿಮ್ಮ ಮಗನ ವಿಷಯದಲ್ಲಿ ಹಾಗಾಗಬಾರದೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಡೀ ಫ್ರೇಮಿನ ಸರಾಸರಿ ಬೆಳಕನ್ನಷ್ಟೇ ಸಮ ಮಾಡುವ ಡಿಫ್ಲಿಕರ್‌ಗಳೂ ಇವೆ. ಅವುಗಳಿಂದ ಹಾನಿ ಕಡಿಮೆ, ಆದರೆ ಕೆಂಪೇ ಹೆಚ್ಚಿರುವ ದೃಶ್ಯದ ಕೆಂಪನ್ನು ಅವೂ ತಗ್ಗಿಸುತ್ತವೆ. ಆದ್ದರಿಂದ ಯಾವ ಬಗೆಯದನ್ನೂ ಹಾಕಬೇಡಿ. ಅದೇ ರೀತಿ, ಫೈಲನ್ನು ಸೆಕೆಂಡಿಗೆ 30ರಿಂದ 25 ಫ್ರೇಮಿಗೆ ಇಳಿಸುವ, ನಡುವೆ ಫ್ರೇಮ್ ಬೆರೆಸುವ ಯಾವ ಆ್ಯಪಿಗೂ ಇದನ್ನು ತೋರಿಸಬೇಡಿ. ಎಐ ಬಣ್ಣ ಹಾಕಿಸಿ ಎಂದು ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ಮಗುವಿನ ಕೆನ್ನೆಯ ನಿಜವಾದ ಬಣ್ಣ ನಿಮ್ಮ ಫೈಲಿನಲ್ಲೇ ಕುಳಿತಿರುವಾಗ ಊಹೆಯ ಬಣ್ಣ ಬಳಿಸುವುದು ನನಗೆ ಒಪ್ಪಿಗೆಯಿಲ್ಲ.

ನಾನು ಮಾಡುವುದು ಹೀಗೆ. ವಿಡಿಯೊ ಸಂಸ್ಕರಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ನಿಂದ ಫೈಲನ್ನು ಪಿಎನ್‌ಜಿ ಚಿತ್ರಗಳ ಸರಣಿಯಾಗಿ, ಒಂದೊಂದು ಫ್ರೇಮ್ ಒಂದೊಂದು ಚಿತ್ರವಾಗುವಂತೆ ಬಿಡಿಸಿ, ಬೆಸ ಫ್ರೇಮುಗಳನ್ನು ಒಂದು ಫೋಲ್ಡರಿಗೆ, ಸಮ ಫ್ರೇಮುಗಳನ್ನು ಇನ್ನೊಂದಕ್ಕೆ ಹಾಕುತ್ತೇನೆ. ಯಾವುದು ಕೆಂಪಿನ ದಾಖಲೆ ಎಂಬುದನ್ನು ತುಟಿಯನ್ನು ನೋಡಿ ತೀರ್ಮಾನಿಸುತ್ತೇನೆ. ತುಟಿ ಮುಖದಲ್ಲಿ ಬೆರೆತು ಕಾಣೆಯಾದರೆ ಅದು ಕೆಂಪು, ಕಪ್ಪಗೆ ಎದ್ದು ಕಂಡರೆ ಹಸಿರು. ಆಮೇಲೆ ಇಮೇಜ್‌ಜೆ ತಂತ್ರಾಂಶದಲ್ಲಿ ಜೋಡಿಸುತ್ತೇನೆ. ಈ ಕೆಲಸಕ್ಕೆ ನನಗೆ ಅದರಷ್ಟು ಪ್ರಾಮಾಣಿಕವಾದದ್ದು ಬೇರೆ ಸಿಕ್ಕಿಲ್ಲ, ಏಕೆಂದರೆ ಹೇಳದೆ ಅದು ಏನನ್ನೂ ತಿದ್ದುವುದಿಲ್ಲ. ಜೋಡಿಸುವಾಗ 1-2, 3-4 ಎಂದು ಜೋಡಿ ಕಟ್ಟಿದರೆ ಚಲನೆ ಅರ್ಧಕ್ಕೆ ಇಳಿಯುತ್ತದೆ. 1-2, 2-3, 3-4 ಎಂದು ಸರಪಳಿಯಂತೆ ಕಟ್ಟಿ, ಪ್ರತಿ ಫ್ರೇಮೂ ತನ್ನ ಹಿಂದಿನದರ ಜೊತೆ ಸೇರಲಿ. ಚಿತ್ರಮಂದಿರದಲ್ಲಿ ಕುಳಿತವರ ಕಣ್ಣು ಮಾಡುತ್ತಿದ್ದದ್ದೂ ಇದನ್ನೇ.

ನಿಮ್ಮ ಬಿಳಿ ಲೇಸ್ ಹಳದಿಯಾಗಿರುವುದಕ್ಕೆ ಕಾರಣ ಬೇರೆ: ಡಿಜಿಟಲ್ ಚಿತ್ರದ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪದರಗಳಲ್ಲಿ (ಚಾನೆಲ್) ನೀಲಿಯದನ್ನು ಖಾಲಿ ಬಿಟ್ಟಿದ್ದೀರಿ. ಕೈನೆಮಾಕಲರ್ ಪ್ರದರ್ಶನದ ಫಿಲ್ಟರುಗಳು ಕಿತ್ತಳೆಗೆ ವಾಲಿದ ಕೆಂಪು, ನೀಲಿಗೆ ವಾಲಿದ ಹಸಿರು. ಅದಕ್ಕೇ ಹಸಿರು ದಾಖಲೆಯನ್ನು ಹಸಿರು, ನೀಲಿ ಎರಡೂ ಚಾನೆಲಿಗೆ ಕೊಡಬೇಕು. ಹಾಗೆ ಕೊಟ್ಟಾಗ ಲೇಸ್ ಬೆಳ್ಳಗಾಗುತ್ತದೆ, ಆದರೆ ಶುದ್ಧ ಹಳದಿ ಕೈಬಿಟ್ಟುಹೋಗುತ್ತದೆ. ಫಾಂಟ್ಲರಾಯ್‌ನ ಹೊಂಗೂದಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನೀಲಿಗೆ ಹಸಿರಿನ ಹತ್ತರಲ್ಲಿ ಎಂಟೊಂಬತ್ತು ಪಾಲು ಕೊಟ್ಟು ನಾನು ರಾಜಿ ಮಾಡಿಕೊಂಡಿದ್ದೇನೆ. ನೇರಳೆ ಈ ಪದ್ಧತಿಯಲ್ಲಿ ಬಾರದು, ಅದಕ್ಕಾಗಿ ಸಮಯ ವ್ಯರ್ಥ ಮಾಡಬೇಡಿ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಈ ಚಿತ್ರಕ್ಕೆ ಮೂಲವಾದ ತಮ್ಮ 1886ರ ಕಾದಂಬರಿಯಲ್ಲಿ ಹುಡುಗನಿಗೆ ಕಪ್ಪು ವೆಲ್ವೆಟ್, ಲೇಸ್ ಕೊರಳಪಟ್ಟಿ ತೊಡಿಸಿದ್ದು ನಮ್ಮಂಥವರಿಗೆ ವರವೇ ಆಗಿದೆ: ಒಂದೇ ಉಡುಪಿನಲ್ಲಿ ಅಳತೆಗೆ ಬೇಕಾದ ಬಿಳಿಯೂ ಇದೆ, ಕಪ್ಪೂ ಇದೆ. ನಿರ್ದೇಶಕ ಎಫ್. ಮಾರ್ಟಿನ್ ಥಾರ್ನ್‌ಟನ್ ಇಂಗ್ಲೆಂಡಿನಲ್ಲಿ ಜೆರಾಲ್ಡ್ ರಾಯ್‌ಸ್ಟನ್ ಎಂಬ ಬಾಲನಟನನ್ನು ಇಟ್ಟುಕೊಂಡು ಈ ಕಥೆಯನ್ನು ಚಿತ್ರಿಸಿದಾಗ ಕಂಪ್ಯೂಟರಿನ ಆಸರೆ ಇರಲಿಲ್ಲ; ತಿದ್ದುವುದೆಲ್ಲ ಬೆಳಕು ಮತ್ತು ಫಿಲ್ಟರಿನಲ್ಲೇ ಆಗಬೇಕಿತ್ತು.

ವೆಲ್ವೆಟ್ ಕಂದಾಗಿರುವುದಕ್ಕೆ ಇನ್ನೊಂದು ಅನುಮಾನ. ನಿಮ್ಮದು ಕೈಗಾರಿಕೆಯ ಕಪ್ಪುಬಿಳುಪು ಕ್ಯಾಮೆರಾ ಆದರೆ ಅದರಲ್ಲಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ತಡೆಯುವ ಗಾಜು ಇಲ್ಲದಿರಬಹುದು. ಸಿಂಥೆಟಿಕ್ ವೆಲ್ವೆಟ್ ಕಣ್ಣಿಗೆ ಕಪ್ಪಾದರೂ ಅವಕೆಂಪಿನಲ್ಲಿ ಬೆಳ್ಳಗಿರುತ್ತದೆ, ಎಲೆಗಳೂ ಅಷ್ಟೇ. ಹಾಳೆ ಫಿಲ್ಟರುಗಳು ಅವಕೆಂಪನ್ನು ಹಾಗೆಯೇ ಒಳಬಿಡುತ್ತವೆ. ಲೆನ್ಸಿನ ಮುಂದೆ ಅವಕೆಂಪು ತಡೆ ಹಾಕಿ. ಉಡುಗೊರೆ ಸುತ್ತುವ ಜಿಲೆಟಿನ್ ಕಾಗದ ಬೇಡವೇ ಬೇಡ, ಎಷ್ಟು ಅಗ್ಗವಾದರೂ ಸರಿ. ರ‍್ಯಾಟನ್ 25 ಎಂಬ ಕೆಂಪು ಫಿಲ್ಟರ್ ತುಂಬ ಗಾಢ, ಸುಮಾರು ಮೂರು ಸ್ಟಾಪ್ ಬೆಳಕು ನುಂಗುತ್ತದೆ, ಅಂದರೆ ಎಂಟನೇ ಒಂದು ಪಾಲಷ್ಟೇ ಒಳಬಿಡುತ್ತದೆ; ಅದಕ್ಕಿಂತ ತಿಳಿಯಾದ 23ಎ ಹಾಕಿದಾಗ ಮುಖಗಳು ಹೆಚ್ಚು ಸಹಜವಾಗಿ ಬಂದವು.

ನಿಮ್ಮ ತುಣುಕಿನ ಕೊನೆಯಲ್ಲಿ ಹುಲ್ಲು ಕೆಂಪಾಗಿ ಮುಖ ಹಸಿರಾಗುವುದನ್ನು ಯಾರೂ ಎತ್ತಿಲ್ಲ. ಅಲ್ಲಿ ಒಂದು ಫ್ರೇಮ್ ಬಿದ್ದುಹೋಗಿದೆ. ಆಗಿನ ಕಾಲದಲ್ಲೂ ಹರಿದ ರೀಲನ್ನು ಅಂಟಿಸುವಾಗ ಬೆಸ ಸಂಖ್ಯೆಯ ಫ್ರೇಮ್ ಕತ್ತರಿಸಿದರೆ ಇದೇ ಗತಿ. ಎಡಿಟ್ ಮಾಡುವಾಗ ಎರಡೆರಡೇ ಫ್ರೇಮ್ ತೆಗೆಯಿರಿ. ಬೇರು ಸಹಿತ ಪರಿಹಾರ ಬೇಕಿದ್ದರೆ ಚಕ್ರದ ಅಂಚಿಗೆ ಎರಡು ಪುಟ್ಟ ಆಯಸ್ಕಾಂತ ಅಂಟಿಸಿ, ಆಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರಿನಿಂದ ಕ್ಯಾಮೆರಾಕ್ಕೆ ಸಂಜ್ಞೆ ಕೊಡಿ. ಚಕ್ರ ಅರ್ಧ ಸುತ್ತು ಬಂದಾಗಲೊಮ್ಮೆ ಫ್ರೇಮ್ ಬೀಳುತ್ತದೆ. ಸೆಕೆಂಡಿಗೆ 30 ಫ್ರೇಮಿಗೆ ಚಕ್ರ ನಿಮಿಷಕ್ಕೆ 900 ಸುತ್ತು, ಮೂಲ ಪದ್ಧತಿಯ 32 ಫ್ರೇಮಿಗೆ 960. ಎಕ್ಸ್‌ಪೋಷರನ್ನು ಬೀಗ ಹಾಕಿಡಿ, ಇಲ್ಲದಿದ್ದರೆ ಕ್ಯಾಮೆರಾ ತಾನೇ ಡಿಫ್ಲಿಕರ್ ಕೆಲಸ ಮಾಡಿಬಿಡುತ್ತದೆ.

ಹುಡುಗ ಕೈ ಬೀಸಿದಾಗ ಬೆರಳಿನ ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿರು ಅಂಚು ಬರುವುದು ಮಾತ್ರ ಪದ್ಧತಿಯ ನಿಜವಾದ ದೋಷ. ಎರಡು ದಾಖಲೆಗಳ ನಡುವೆ ಸೆಕೆಂಡಿನ ಮೂವತ್ತೆರಡನೆಯ ಒಂದು ಭಾಗ ಕಳೆದಿರುತ್ತದೆ. ಜಾರ್ಜ್ ಆಲ್ಬರ್ಟ್ ಸ್ಮಿತ್ 1906ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಪದ್ಧತಿಯಲ್ಲೇ ಇದು ಹುಟ್ಟಿಕೊಂಡಿದೆ. ತಂತ್ರಾಂಶದಿಂದ ಅಂಚನ್ನು ಸರಿಪಡಿಸಬಹುದು, ಆದರೆ ಬೆರಳುಗಳು ಮೇಣದಂತೆ ಕರಗುತ್ತವೆ, ನಾನು ಬಿಟ್ಟಿದ್ದೇನೆ. ಅದಕ್ಕಿಂತ ಮಗನನ್ನು ಅಡ್ಡಡ್ಡ ಓಡಿಸದೆ, ಕ್ಯಾಮೆರಾದ ಕಡೆಗೆ ನಿಧಾನವಾಗಿ ನಡೆದುಬರಲು ಹೇಳಿ. 1911ರ ದೆಹಲಿ ದರ್ಬಾರನ್ನು ಇದೇ ಪದ್ಧತಿಯಲ್ಲಿ ಚಿತ್ರಿಸಿ ಮರುವರ್ಷ ಲಂಡನ್ನಿನಲ್ಲಿ ತೋರಿಸಿದ್ದರು. ಮೆರವಣಿಗೆಯಂಥ ನಿಧಾನದ ಚಲನೆ ಇದಕ್ಕೆ ಹೇಳಿ ಮಾಡಿಸಿದ್ದು.

ಮೂಲ ಫೈಲು ಉಳಿದಿದ್ದರೆ ಅದರ ಹತ್ತು ಸೆಕೆಂಡನ್ನು ಪಿಎನ್‌ಜಿ ಮಾಡಿ ಇಲ್ಲಿ ಹಾಕಿ. ವಾಟ್ಸಾಪಿನಲ್ಲಿ ಬೇಡ, ಅದು ಹಿಂಡಿಬಿಡುತ್ತದೆ. ಡ್ರೈವ್ ಲಿಂಕ್ ಕೊಡಿ. ಮೊದಲ ಜೋಡಿಯನ್ನು ನಾನೇ ಕಟ್ಟಿ ಕಳಿಸುತ್ತೇನೆ.