ಐಸಾಕ್ ಬಾಶೆವಿಸ್ ಸಿಂಗರ್ ಕತೆ ಬರೆದೇ ಹೊಟ್ಟೆ ಹೊರೆದರಾ?

ಬರೀ ಕತೆಯಿಂದಲ್ಲ. 1935ರಲ್ಲಿ ಪೋಲೆಂಡ್ ಬಿಟ್ಟು ನ್ಯೂಯಾರ್ಕಿಗೆ ಬಂದ ಈ ಯೆಹೂದಿ ಲೇಖಕರು ‘ಫೋರ್‌ವರ್ಟ್ಸ್’ ಎಂಬ ಯಿಡ್ಡಿಷ್ (ಪೂರ್ವ ಯುರೋಪಿನ ಯೆಹೂದಿಗಳ ಭಾಷೆ) ಪತ್ರಿಕೆಗೆ ದಶಕಗಟ್ಟಲೆ ಬರೆದರು. ಕಾದಂಬರಿಗಳು ಅಲ್ಲೇ ಧಾರಾವಾಹಿಯಾಗಿ ಬಂದವು. ಲೇಖನಗಳಿಗೆ ವಾರ್ಶಾವ್‌ಸ್ಕಿ, ಡಿ. ಸೆಗಲ್ ಅಂತ ಬೇರೆ ಹೆಸರು. ಹೆಂಡತಿ ಆಲ್ಮಾ ವರ್ಷಗಟ್ಟಲೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡಿ ಮನೆ ನಡೆಸಿದ್ದನ್ನೂ ಮರೆಯಬಾರದು.

ನನಗೆ ಜಾಸ್ತಿ ಇಷ್ಟವಾಗುವುದು ಅವರು ಅನುವಾದ ಮಾಡಿಸುತ್ತಿದ್ದ ರೀತಿ. ಹಿಟ್ಲರನ ಹತ್ಯಾಕಾಂಡದಲ್ಲಿ ಯಿಡ್ಡಿಷ್ ಮಾತಾಡುವ ಲಕ್ಷಾಂತರ ಜನ ಸತ್ತಿದ್ದರು. ಅಮೆರಿಕದಲ್ಲೂ ಓದುಗರು ಕಡಿಮೆಯಾಗುತ್ತಿದ್ದರು. ಇಂಗ್ಲಿಷ್ ಬೇಕೇ ಬೇಕಿತ್ತು, ಅಲ್ವಾ? ಆದರೆ ಸುಮ್ನೆ ಯಾರಿಗೋ ಒಪ್ಪಿಸಿಬಿಡಲಿಲ್ಲ. ಅನುವಾದಕರ ಪಕ್ಕ ಕೂತು, ಒಂದೊಂದೇ ಸಾಲು ಬಾಯಲ್ಲಿ ಹೇಳಿ, ತಿದ್ದಿ ತಿದ್ದಿ ಬರೆಸುತ್ತಿದ್ದರು. 1978ರಲ್ಲಿ ನೊಬೆಲ್ ಬಂದ ಮೇಲೂ ಮೊದಲು ಬರೆಯುತ್ತಿದ್ದದ್ದು ಯಿಡ್ಡಿಷ್‌ನಲ್ಲೇ.